ಮುನಿರಾಜಪ್ಪನ ಮಗಳು ಮೇಬಲ್

ನನ್ನ ಹೆಸರು ಮುನಿಕೃಷ್ಣಪ್ಪ. ಹಲಸೂರಿನ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದು, ಕೊನೆಗೆ ಹೆಡ್‌ಮಾಸ್ಟರಾಗಿ 2004ರಲ್ಲಿ ನಿವೃತ್ತನಾದವನು. ನನ್ನ ಕೈಕೆಳಗೆ ಓದಿದವರಲ್ಲಿ ಕಾರ್ಪೊರೇಷನ್ ಸದಸ್ಯರಾದವರಿದ್ದಾರೆ, ಕಲ್ಯಾಣ ಮಂಟಪ ಕಟ್ಟಿಸಿದವರಿದ್ದಾರೆ. ಅವರನ್ನು ಹೊಗಳುವುದಕ್ಕೆ ಅವರೇ ಜನ ಇಟ್ಟುಕೊಂಡಿದ್ದಾರೆ. ನಾನು ಬರೆಯಲು ಕೂತಿರುವುದು ಮೇಬಲ್ ಬಗ್ಗೆ. ನಿಜವಾಗಿ ಅವಳ ಬಗ್ಗೆ ನಾನು ಬರೆಯಬೇಕಾಗಿದ್ದದ್ದು 2002ರ ಜೂನ್ ತಿಂಗಳಲ್ಲಿ, ಶಾಲೆಯ ಲೆಟರ್‌ಹೆಡ್ ಮೇಲೆ, ನಾಲ್ಕೇ ಸಾಲು. ಆಗ ನಾಲ್ಕು ಸಾಲು ಬರೆಯದ ಮಹಾನುಭಾವ ಈಗ ಪುಟಗಟ್ಟಲೆ ಬರೆಯುತ್ತಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ.

ಮುನಿರಾಜಪ್ಪನ ಮಗಳಿಗೆ ಮೇಬಲ್ ಅಂತ ಹೆಸರು ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕು. ಮುನಿರಾಜಪ್ಪ ಫ್ರೇಜರ್ ಟೌನಿನ ಒಂದು ಹಳೆಯ ಬಂಗಲೆಯಲ್ಲಿ ತೋಟದ ಕೆಲಸ ಮಾಡುತ್ತಿದ್ದ. ಅವನ ಹೆಂಡತಿ ವೆಂಕಟಮ್ಮ ಅದೇ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಬಂಗಲೆಯ ಒಡತಿ ಮದುವೆಯಾಗದ ಆಂಗ್ಲೋ ಇಂಡಿಯನ್ ಹೆಂಗಸು, ಟೀಚರಾಗಿ ನಿವೃತ್ತರಾದವರು. ಹೆಸರು ಮೇಬಲ್. ಇವರಿಬ್ಬರ ಬಾಯಲ್ಲಿ ಮೇಬಲಮ್ಮ. ವೆಂಕಟಮ್ಮನ ಮೊದಲ ಎರಡು ಮಕ್ಕಳು ವರ್ಷ ತುಂಬುವ ಮುಂಚೆಯೇ ಹೋಗಿಬಿಟ್ಟಿದ್ದವು. ಮೂರನೆಯದು ಹುಟ್ಟಿದ್ದು 1984ರಲ್ಲಿ.

ಬೆಂಗಳೂರಿನ ಪೂರ್ವಕ್ಕಿರುವ ನಮ್ಮ ಹಳ್ಳಿಗಳಲ್ಲಿ ಒಂದು ಪದ್ಧತಿ ಇತ್ತು. ಮಕ್ಕಳು ಉಳಿಯದ ಮನೆಯಲ್ಲಿ ಮತ್ತೆ ಮಗು ಹುಟ್ಟಿದರೆ ಅದನ್ನು ಮೊರದಲ್ಲಿ ಮಲಗಿಸಿ ಹೊರಗಿನವರಿಗೆ ಒಂದು ಸೇರು ತವುಡಿಗೆ ಮಾರಿಬಿಡುತ್ತಿದ್ದರು. ಮಗು ಇನ್ನು ಆ ಮನೆಯದಲ್ಲ. ಕಾಡುವ ಪೀಡೆ ಹುಡುಕಿಕೊಂಡು ಬಂದರೂ ಅದಕ್ಕೆ ವಿಳಾಸ ಸಿಗಬಾರದು ಎಂಬ ಲೆಕ್ಕಾಚಾರ. ಕೊಂಡವರು ಮಗುವಿಗೆ ಹೆಸರಿಟ್ಟು, ಸಾಕಿಕೊಡು ಎಂದು ತಾಯಿಯ ಮಡಿಲಿಗೇ ವಾಪಸು ಹಾಕುತ್ತಿದ್ದರು. ಹೊರಗಿನವರೆಂದರೆ ವೆಂಕಟಮ್ಮನಿಗೆ ಗೊತ್ತಿದ್ದದ್ದು ಮೇಬಲಮ್ಮ ಒಬ್ಬರೇ. ಆದರೆ ತವುಡು ಎಂದರೇನು ಅಂತ ಅವರಿಗೆ ತಿಳಿಯಲಿಲ್ಲ. ಅಕ್ಕಿ, ಹೊಟ್ಟು, ದನ ಅಂತೆಲ್ಲ ವೆಂಕಟಮ್ಮ ಕೈಸನ್ನೆ ಮಾಡಿ ವಿವರಿಸಿದ ಮೇಲೆ, ಅಡುಗೆಮನೆಗೆ ಹೋಗಿ ಒಂದು ಡಬ್ಬ ಓಟ್ಸ್ ತಂದು ಮೊರದ ಪಕ್ಕ ಇಟ್ಟರಂತೆ. ಹೆಸರು ಏನಿಡೋಣ ಅಂದಾಗ, "ನಮ್ದೇ ಹೆಸರು ಇಡಿ. ನಮ್ಗೆ ಇಟ್ಕೊಳೋರು ಯಾರೂ ಇಲ್ಲ" ಅಂದರಂತೆ. ಮಗು ಉಳಿಯಿತು. ಕೊಂಡವರು ಇಟ್ಟ ಹೆಸರನ್ನು ಬದಲಾಯಿಸಿದರೆ ಮಗು ದಕ್ಕುವುದಿಲ್ಲ ಎಂಬ ಭಯದಿಂದ ಆ ಹೆಸರೇ ನಿಂತಿತು.

ಇಷ್ಟೆಲ್ಲ ನನಗೆ ಗೊತ್ತಾದದ್ದು ಆಮೇಲೆ. 1990ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಲು ಮುನಿರಾಜಪ್ಪ ಮಗಳ ಕೈ ಹಿಡಿದು ಬಂದಾಗ ನನಗೆ ಏನೂ ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ. ಅದಕ್ಕೆ ನನ್ನದೇ ಒಂದು ದೊಡ್ಡಸ್ತಿಕೆಯ ಕಾರಣವಿತ್ತು. ತುಂಬಿದ ಕೋಣೆಯಲ್ಲಿ, ನಾಲ್ಕು ಜನರ ಎದುರು ಬಡವರನ್ನು ನಿಲ್ಲಿಸಿ "ಏನಪ್ಪಾ ಜಾತಿ?" ಎಂದು ಕೇಳುವುದು ಅವಮಾನ ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ. ಆದರೆ ಕೇಳದವನು ಅವರು ತಂದ ಅರ್ಜಿಯನ್ನಾದರೂ ಓದಬೇಕಲ್ಲ! ಅರವತ್ತು ಅರ್ಜಿ ಓದುವಷ್ಟು ಪುರುಸೊತ್ತು ನನಗಿರಲಿಲ್ಲ. ಹೆಸರು ಕೇಳುತ್ತಿದ್ದೆ, ಮುಖ ನೋಡುತ್ತಿದ್ದೆ, ದಾಖಲಾತಿ ಪುಸ್ತಕದಲ್ಲಿ ಅಂದಾಜಿನ ಮೇಲೆ ಬರೆದುಬಿಡುತ್ತಿದ್ದೆ. ನನ್ನ ಅಂದಾಜು ತಪ್ಪುವುದೇ ಇಲ್ಲ ಎಂಬ ಜಂಬ ಬೇರೆ.

"ಮಗು ಹೆಸರೇನು?"

"ಮೇಬಲ್ ಸಾರ್," ಅಂದ ಮುನಿರಾಜಪ್ಪ.

ಧರ್ಮ, ಜಾತಿ ಎಂದಿದ್ದ ಕಾಲಂನಲ್ಲಿ ಕ್ರಿಶ್ಚಿಯನ್ ಎಂದು ಬರೆದೆ. ಅಪ್ಪನ ಹೆಸರು ಮುನಿರಾಜಪ್ಪ ಎಂದು ನಾನೇ ಬರೆದಿದ್ದೆ. ಮತ ಬದಲಾಯಿಸಿರಬೇಕು, ನಮಗೇಕೆ ಆ ಮಾತು ಎಂದುಕೊಂಡೆ. ಅವನು ಹೆಬ್ಬೆಟ್ಟು ಒತ್ತಿ, ನನಗೆ ಕೈಮುಗಿದು ಹೋದ. ಅರ್ಜಿ ಉಳಿದವುಗಳ ಜೊತೆ ಕಟ್ಟಿಗೆ ಸೇರಿ ಬೀರುವಿನೊಳಗೆ ಹೋಯಿತು.

ಶಾಲೆ ಶುರುವಾದ ವಾರದಲ್ಲೇ ಹುಡುಗರು ಅವಳ ಹೆಸರಿನ ಹಿಂದೆ ಬಿದ್ದರು. "ಮೇಬಲ್ ಮೇಬಲ್, ಮುರುಕಲು ಟೇಬಲ್" ಎಂದು ವಾಜಿದ್ ಶುರುಮಾಡಿದ. ಮುಂದೆ ಮನೆಮನೆಗೆ ಕೇಬಲ್ ಟಿ.ವಿ. ಬಂದಾಗ ಅದನ್ನೂ ಸೇರಿಸಿಕೊಂಡರು. ಬೇರೆ ಹುಡುಗಿಯಾಗಿದ್ದರೆ ಅಳುತ್ತಾ ನನ್ನ ಹತ್ತಿರ ಬರುತ್ತಿದ್ದಳು. ಇವಳು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಬೆಂಚಿನ ಮೇಲೆ ನಿಂತು ಹೇಳಿದಳು: "ಮೇಬಲ್ ಅಂದ್ರೆ ಟೇಬಲ್ ಅಲ್ಲ, ಟೇಬಲ್ ಮೇಲಿನ ಹಾಲು ಬೆಲ್ಲ!" ವಾಜಿದ್ ಬಾಯಿ ಮುಚ್ಚಿದ. ನಾನು ಬಾಗಿಲ ಹಿಂದೆ ನಿಂತು ನಕ್ಕೆ.

ಅಲ್ಲಿಂದ ಅವಳಿಗೆ ಪ್ರಾಸದ ಹುಚ್ಚು ಹಿಡಿಯಿತು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತನ್ನ ಹೆಸರಿಗೆ ಹೊಂದುವ ಮಾತುಗಳನ್ನು ಪಟ್ಟಿ ಮಾಡಿಕೊಂಡಿದ್ದಳು. ಟೇಬಲ್, ಕೇಬಲ್, ಲೇಬಲ್ ಅವಳಿಗೇ ಗೊತ್ತಿದ್ದವು. ಸ್ಟೇಬಲ್ ಎಂದರೆ ಕುದುರೆ ಲಾಯ, ಫೇಬಲ್ ಎಂದರೆ ನೀತಿಕಥೆ, ಏಬಲ್ ಎಂದರೆ ಕೈಲಾಗುವವರು ಎಂದು ಹೇಳಿಕೊಟ್ಟದ್ದು ಮೇಬಲಮ್ಮ. ಶನಿವಾರ ಮಧ್ಯಾಹ್ನ ಬಂಗಲೆಗೆ ಹೋದರೆ ಆ ಮುದುಕಿಗೆ ಇವಳೇ ಕಾಲಕ್ಷೇಪ. ಹೆಸರಿನ ಅರ್ಥವನ್ನೂ ಅವರೇ ಹೇಳಿದ್ದರು. ಒಂದು ದಿನ ಬಂದು, "ಸಾರ್, ಮೇಬಲ್ ಅಂದ್ರೆ ಪ್ರೀತಿ ಮಾಡೋಕೆ ತಕ್ಕವಳು ಅಂತೆ, ಹೌದಾ?" ಎಂದು ಕೇಳಿದಳು. ಶಾಲೆಯ ದಪ್ಪ ನಿಘಂಟಿನ ಹಿಂದೆ ಹೆಸರುಗಳ ಪಟ್ಟಿ ಇತ್ತು. ತೆಗೆದು ನೋಡಿದೆ. ಹೌದು, ಹಳೆಯ ಲ್ಯಾಟಿನ್ ಮಾತಿನಿಂದ ಬಂದದ್ದು, ಅರ್ಥ ಅದೇ. "ಹೌದಮ್ಮ" ಅಂದೆ. ಹತ್ತು ವರ್ಷದ ಆ ಹುಡುಗಿಯ ಮುಖ ನೋಡಬೇಕಿತ್ತು ನೀವು. ಮರುವರ್ಷ ಮೇಬಲಮ್ಮ ತೀರಿಕೊಂಡರು. ದೂರದ ನೆಂಟರು ಯಾರೋ ಬಂದು ಬಂಗಲೆ ಮಾರಿದರು.

ತನ್ನ ಹೆಸರಿನದು ಮುಗಿದ ಮೇಲೆ ಅವಳು ಬೇರೆಯವರ ಹೆಸರಿಗೆ ಕೈಹಾಕಿದಳು. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ, ಒಂದನೇ ಕ್ಲಾಸಿನ ಮೇಡಮ್ ರಜೆ ಹಾಕಿದರೆ ಮಕ್ಕಳನ್ನು ಸುಮ್ಮನಿರಿಸಲು ನಾನು ಕಳಿಸುತ್ತಿದ್ದದ್ದು ಇವಳನ್ನು. ಭೀಮೇಶ ಎಂಬ ಹುಡುಗನಿಗೆ ಮಗ್ಗಿ ಹತ್ತಿರ ಸುಳಿಯುತ್ತಿರಲಿಲ್ಲ. ನಾನು ಕಿವಿ ಹಿಂಡಿ ಸೋತಿದ್ದೆ. ಇವಳು "ಭೀಮೇಶ ಭೀಮೇಶ, ಏನು ನಿಂಗೆ ಕ್ಲೇಶ? ಆರಾರ್ಲಿ ಮೂವತ್ತಾರು, ಉಳೀಲಿಲ್ಲ ಶೇಷ" ಎಂದು ಕುಣಿಸಿ ಕುಣಿಸಿ ಆರರ ಮಗ್ಗಿ ಕಲಿಸಿಬಿಟ್ಟಳು. ಪ್ರತಿ ಮಗುವಿಗೂ ಅದರದೇ ಹೆಸರಿನ ಪದ್ಯ. ತನ್ನ ಹೆಸರು ಕೇಳಿದ ಮಗು ಎದ್ದು ನಿಲ್ಲದೆ ಇರುತ್ತದೆಯೇ? ಬಿ.ಎಡ್. ಮಾಡಿಕೊಂಡು ಬಂದ ನಮಗೆ ಹೊಳೆಯದ ಉಪಾಯ ಅದು.

"ದೊಡ್ಡವಳಾದ್ಮೇಲೆ ಏನ್ ಮಾಡ್ತೀಯೇ?" ಎಂದು ಕೇಳಿದರೆ "ನಿಮ್ ಚೇರ್ ಮೇಲೆ ಕೂತ್ಕೋತೀನಿ ಸಾರ್" ಅನ್ನುತ್ತಿದ್ದಳು. ಬೇರೆ ಯಾವ ಆಸೆಯೂ ಅವಳಿಗಿರಲಿಲ್ಲ. ನಮ್ಮ ಶಾಲೆ ಬಿಟ್ಟು ಹೈಸ್ಕೂಲು, ಪಿ.ಯು.ಸಿ. ಓದುವಾಗಲೂ ಸಂಜೆ ಬಂದು ನಮ್ಮ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮನೆ ಹತ್ತಿರ, ಜೋಗುಪಾಳ್ಯದ ಒಂದು ವಠಾರ. ಅಷ್ಟು ವರ್ಷದಲ್ಲಿ ಪರಿಶಿಷ್ಟ ಜಾತಿ ಮಕ್ಕಳ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಅವಳ ಹೆಸರು ಒಮ್ಮೆಯೂ ಬರಲಿಲ್ಲ. ಅಂಥದೊಂದು ಇದೆ ಎಂದು ಮುನಿರಾಜಪ್ಪನಿಗೆ ಗೊತ್ತಿರಲಿಲ್ಲ, ನಾನಂತೂ ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ.

2002ರಲ್ಲಿ ಪಿ.ಯು.ಸಿ. ಮುಗಿಸಿ ಟಿ.ಸಿ.ಎಚ್.ಗೆ, ಅಂದರೆ ಪ್ರಾಥಮಿಕ ಶಾಲೆಯ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಲು ಹೊರಟಳು. ಮಾರ್ಕ್ಸ್ ಚೆನ್ನಾಗಿಯೇ ಇತ್ತು, ಆದರೆ ಸಾಮಾನ್ಯ ಪಟ್ಟಿಯಲ್ಲಿ ಸೀಟು ಸಿಗುವಷ್ಟಲ್ಲ. ಪರಿಶಿಷ್ಟ ಜಾತಿಯ ಮೀಸಲಾತಿಯಲ್ಲಾದರೆ ಸಲೀಸಾಗಿ ಸಿಗುತ್ತಿತ್ತು. ಜಾತಿ ಪ್ರಮಾಣಪತ್ರಕ್ಕೆಂದು ಅಪ್ಪ ಮಗಳು ತಾಲ್ಲೂಕು ಕಚೇರಿಗೆ ಹೋದರು. ಅಲ್ಲಿನವರು ಶಾಲೆಯ ದಾಖಲೆ ನೋಡಿ ಕಾಗದ ವಾಪಸು ಕೊಟ್ಟರು. ಇಬ್ಬರೂ ಅಲ್ಲಿಂದ ನೇರವಾಗಿ ನನ್ನ ಕೋಣೆಗೆ ಬಂದರು. ಆಗ ನಾನು ಹೆಡ್‌ಮಾಸ್ಟರು.

"ಸಾರ್, ಕ್ರಿಶ್ಚಿಯನ್ ಅಂತ ಐತಂತೆ. ಎಸ್ಸೀ ಸರ್ಟಿಫಿಕೇಟ್ ಕೊಡಕಾಗಲ್ಲ ಅಂದ್ರು," ಅಂದ ಮುನಿರಾಜಪ್ಪ. "ನಾವ್ಯಾವತ್ತು ಚರ್ಚಿಗ್ ಹೋದೋರು ಸಾರ್? ಮನೇಲಿ ಮುನೇಶ್ವರನ ಪಟ ಐತೆ, ಬಾಬಾಸಾಹೇಬ್ರ ಪಟ ಐತೆ. ಈ ಹೆಸ್ರು ಮೇಬಲಮ್ಮೋರು ತವುಡಿಗೆ ತಗಂಡು ಇಟ್ಟಿದ್ದು." ಆಗಲೇ ಅವನು ನನಗೆ ಆ ಮೊರದ ಕಥೆಯನ್ನೆಲ್ಲ ಹೇಳಿದ್ದು.

"ಸಾರ್, ಅವತ್ತಿನ ಅರ್ಜಿ ಇರುತ್ತಲ್ವಾ? ಅದ್ರಲ್ಲಿ ಏನಿದೆ ನೋಡಿ," ಅಂದಳು ಮೇಬಲ್.

ಬೀರು ಇದ್ದದ್ದು ಪಕ್ಕದ ಕೋಣೆಯಲ್ಲಿ. ಹೋಗಿ 1990ರ ಕಟ್ಟು ಬಿಚ್ಚಿದೆ. ಅರ್ಜಿ ಸಿಕ್ಕಿತು. ವಠಾರದ ಯಾರೋ ಓದಿದವರು ದುಂಡಗಿನ ಅಕ್ಷರದಲ್ಲಿ ತುಂಬಿಕೊಟ್ಟಿದ್ದರು. ಧರ್ಮ ಹಿಂದೂ, ಜಾತಿ ಆದಿಕರ್ನಾಟಕ. ಕೆಳಗೆ ಮುನಿರಾಜಪ್ಪನ ಹೆಬ್ಬೆಟ್ಟು. ಅವನು ಸರಿಯಾಗಿಯೇ ಬರೆಸಿದ್ದ. ತಪ್ಪಿದ್ದು ನಾನು.

ಅದನ್ನು ತೆಗೆದುಕೊಂಡು, ತಪ್ಪು ನನ್ನದೆಂದು ನಾಲ್ಕು ಸಾಲು ಬರೆದು ಮೇಲಿನವರಿಗೆ ಕಳಿಸಿದ್ದರೆ ತಿದ್ದುಪಡಿಗೆ ದಾರಿಯಾಗುತ್ತಿತ್ತು. ಆದರೆ ಆ ವರ್ಷವೇ ಬೇರೊಂದು ಶಾಲೆಯ ಹೆಡ್‌ಮಾಸ್ಟರು ಯಾರಿಗೋ ದಾಖಲಾತಿ ಪುಸ್ತಕದಲ್ಲಿ ಜಾತಿ ತಿದ್ದಿಕೊಟ್ಟು ಸಸ್ಪೆಂಡ್ ಆಗಿದ್ದರು. ಎಲ್ಲ ಶಾಲೆಗಳ ಪುಸ್ತಕ ತಪಾಸಣೆಯಾಗುತ್ತದೆ ಎಂಬ ಗುಸುಗುಸು ಇತ್ತು. ನನ್ನ ಅಂದಾಜಿನ ಬರಹಗಳು ಆ ಪುಸ್ತಕದಲ್ಲಿ ಇನ್ನೆಷ್ಟಿವೆಯೋ! ಒಂದು ಎಳೆ ಎಳೆದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ, ನಿವೃತ್ತಿಗೆ ಎರಡೇ ವರ್ಷ. ಹೆದರಿದೆ. ಇದಕ್ಕೆ ಬೇರೆ ಹೆಸರಿಲ್ಲ. ಅರ್ಜಿಯನ್ನು ಮಡಚಿ ಇನ್ನೊಂದು ಕಟ್ಟಿನ ಅಡಿಗೆ ತಳ್ಳಿ, ಕೈ ಒರೆಸಿಕೊಂಡು ಹೊರಗೆ ಬಂದೆ.

"ಹಳೇ ಅರ್ಜಿಗಳ್ನೆಲ್ಲ ಗೆದ್ದಲು ತಿಂದ್ಬಿಟ್ಟಿದೆ ಕಣಪ್ಪ. ಅವತ್ತು ನೀನ್ ಏನ್ ಹೇಳಿದ್ಯೋ ಅದನ್ನೇ ನಾನು ಬರ್ಕೊಂಡಿರೋದು," ಅಂದೆ.

ಮುನಿರಾಜಪ್ಪ ಕಚೇರಿಯಿಂದ ವಾಪಸು ಬಂದ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ, "ಹಂಗಾದ್ರೆ ನಾನೇ ಏನೋ ಹೇಳ್ಬಿಟ್ಟಿರ್ಬೇಕು ಬಿಡಿ ಸಾರ್. ಮೇಬಲಮ್ಮೋರ ಹೆಸ್ರು ಹೇಳ್ತಾ ಅವರ ಜಾತೀನೂ ಹೇಳ್ಬಿಟ್ನೋ ಏನೋ. ನೀವ್ಯಾಕೆ ತಪ್ಪು ಬರೀತೀರ," ಅಂದ. ಮಾಡದ ತಪ್ಪಿಗೆ ಅವನೇ ಒಂದು ನೆನಪನ್ನು ಹುಟ್ಟಿಸಿಕೊಂಡ. ಮೇಬಲ್ ನನ್ನನ್ನೇ ನೋಡುತ್ತಿದ್ದಳು. ನಾನು ಮಾತು ಬದಲಾಯಿಸಲು, "ಅಫಿಡವಿಟ್ ಮಾಡ್ಸಿ ಹೆಸ್ರು ಬದ್ಲಾಯಿಸ್ಕೊಳಮ್ಮ, ಮುಂದಾದ್ರೂ ತೊಂದ್ರೆ ತಪ್ಪುತ್ತೆ" ಎಂದೆ.

"ಹೆಸರು ಏನ್ ಮಾಡ್ತು ಸಾರ್?" ಅಂದಳು.

ಸಾಮಾನ್ಯ ಪಟ್ಟಿಯಲ್ಲಿ ಅರ್ಜಿ ಹಾಕಿದಳು, ಸೀಟು ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಕೋರ್ಟಿಗೆ ಹೋಗಿ ತಿದ್ದಿಸಿಕೊಳ್ಳಬಹುದು ಎಂದು ಯಾರೋ ಹೇಳಿದರಂತೆ. ತೋಟದ ಕೆಲಸ ಹೋಗಿ ಅಪಾರ್ಟ್‌ಮೆಂಟಿನಲ್ಲಿ ಗೇಟು ಕಾಯುತ್ತಿದ್ದ ಮುನಿರಾಜಪ್ಪನಿಗೆ ಕೋರ್ಟು ಎಂಬ ಮಾತೇ ಎದೆ ನಡುಗಿಸುತ್ತಿತ್ತು. ಕಡೆಗೆ ಅವಳು ಇಂದಿರಾನಗರದ ಬಂಗಲೆಯೊಂದರಲ್ಲಿ ಹೊಸದಾಗಿ ಶುರುವಾಗಿದ್ದ ಇಂಗ್ಲಿಷ್ ಪ್ಲೇ ಸ್ಕೂಲಿಗೆ ಆಯಾ ಆಗಿ ಸೇರಿದಳು. ಒಡತಿಗೆ ಇವಳ ಹೆಸರು ಬಹಳ ಇಷ್ಟವಾಯಿತಂತೆ. ಗುಡ್ ಫ್ರೈಡೆ ದಿನ ಕೇಳದೆಯೇ ರಜೆ ಕೊಟ್ಟರು. ವರಮಹಾಲಕ್ಷ್ಮಿ ಹಬ್ಬಕ್ಕೆ ಕೇಳಿದರೂ ಕೊಡಲಿಲ್ಲ. ಮಕ್ಕಳ ಮೂಗು ಒರೆಸುವುದು, ಚಡ್ಡಿ ಬದಲಾಯಿಸುವುದು ಇವಳ ಕೆಲಸ. ಬೋರ್ಡಿನ ಮುಂದೆ ನಿಲ್ಲಲು ಸರ್ಟಿಫಿಕೇಟ್ ಬೇಕು.

ವೆಂಕಟಮ್ಮ ಇದನ್ನು ಗಂಡನ ತಲೆಗೆ ಕಟ್ಟಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ನನ್ನ ತಪ್ಪಿಗೆ ಬರೆ ಬಿದ್ದದ್ದು ಅವನ ಮೇಲೆ. ಒಂದು ಸಲ ಹಲಸೂರು ಮಾರ್ಕೆಟ್ಟಿನಲ್ಲಿ ಸಿಕ್ಕಾಗ, ಅವನು ಪಕ್ಕದಲ್ಲೇ ಚೀಲ ಹಿಡಿದು ನಿಂತಿರುವಾಗ, ನನಗೆ ಹೇಳಿದಳು: "ಎರಡು ಮಕ್ಳನ್ನ ಮಣ್ಣಿಗಾಕಿ ಇದೊಂದನ್ನ ಉಳಿಸ್ಕಂಡೆ ಮೇಷ್ಟ್ರೇ. ಬಾಯ್ಬಿಟ್ಟು ನಮ್ ಜಾತಿ ಹೇಳಕ್ಕೂ ಬರದೆ ಈ ಮನುಷ್ಯ ಅದರ ಬಾಳು ಹಾಳ್ಮಾಡ್ದ." ಮುನಿರಾಜಪ್ಪ ಎಲ್ಲೋ ನೋಡುತ್ತಿದ್ದ. ಅಲ್ಲೇ, ಸೊಪ್ಪಿನ ಅಂಗಡಿ ಎದುರು, ನಿಜ ಹೇಳಬಹುದಿತ್ತು. ಪೆನ್ಷನ್ ಇನ್ನೂ ಸ್ಯಾಂಕ್ಷನ್ ಆಗಿರಲಿಲ್ಲ. "ಆಗಿದ್ದಾಯ್ತು ಬಿಡಮ್ಮ" ಎಂದು ದೊಡ್ಡ ಮನುಷ್ಯನ ಹಾಗೆ ಸಮಾಧಾನ ಹೇಳಿ ಬಂದೆ. ಈ ಮಾತನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. 2007ರಲ್ಲಿ ವೆಂಕಟಮ್ಮ ಕಾಮಾಲೆಯಾಗಿ ತೀರಿಕೊಂಡಳು ಎಂದು ಕೇಳಿದೆ. ಮಣ್ಣಿಗೂ ನಾನು ಹೋಗಲಿಲ್ಲ.

2009ರಲ್ಲಿ ನನ್ನ ಮಗಳು ಹಂಸ ಇಂದಿರಾನಗರಕ್ಕೆ ಮನೆ ಬದಲಾಯಿಸಿದಳು. ಅವಳ ಮಗಳು ಶ್ವೇತಳಿಗೆ ನಾಲ್ಕು ವರ್ಷ, ಅಲ್ಲೇ ಹತ್ತಿರದ ಪ್ಲೇ ಸ್ಕೂಲಿಗೆ ಹಾಕಿದ್ದರು. ಆ ಮಗು ಒಂದು ದಿನ ನನ್ನ ತೊಡೆಯ ಮೇಲೆ ಕೂತು ಹೇಳಿತು: "ಶ್ವೇತ ಶ್ವೇತ, ಮೂಗಲ್ಯಾಕೆ ಶೀತ? ಬೆಚ್ಚಗೆ ಹಾಲು ಕುಡಿ, ಹಾಡು ಒಂದು ಗೀತ." ಯಾರು ಹೇಳಿಕೊಟ್ಟರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದೆ. "ಮೇಬಲ್ ಆಂಟಿ" ಅಂದಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮಗುವನ್ನು ಕರೆತರಲು ನಾನೇ ಹೋಗುತ್ತೇನೆ ಎಂದೆ.

ಸಿ.ಎಂ.ಎಚ್. ರಸ್ತೆಯನ್ನು ಮೆಟ್ರೋಗೆಂದು ಅಗೆದುಹಾಕಿದ್ದರು. ಧೂಳಿನಲ್ಲಿ ನಡೆದು ಶಾಲೆಯ ಗೇಟಿಗೆ ಬಂದಾಗ ಮಕ್ಕಳು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ನೀಲಿ ಸೀರೆಯ ಮೇಬಲ್ ಶ್ವೇತಳ ಶೂ ಲೇಸು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದು "ಚೆನ್ನಾಗಿದೀರಾ ಸಾರ್?" ಅಂದಳು. ಯೋಗಕ್ಷೇಮ ಮಾತಾಡಿದರೆ ಮತ್ತೆ ಧೈರ್ಯ ಸಾಲುವುದಿಲ್ಲ ಎಂದು ಗೊತ್ತಿತ್ತು.

"ಮೇಬಲ್, ಅವತ್ತು ಆ ಅರ್ಜಿ ಸಿಕ್ಕಿತ್ತು ಕಣಮ್ಮ. ನಿಮ್ಮಪ್ಪ ಸರಿಯಾಗೇ ಬರೆಸಿದ್ದ. ತಪ್ಪು ನಂದು."

"ಗೊತ್ತು ಸಾರ್," ಅಂದಳು ಅವಳು.

ಅವಳೇ ಮುಂದುವರಿಸಿದಳು. "ನಾನು ನಿಂತಿದ್ದ ಜಾಗದಿಂದ, ಬಾಗಿಲ ಸಂದೀಲಿ, ಪಕ್ಕದ ರೂಮಿನ ಬೀರು ಕಾಣ್ತಿತ್ತು. ಗೆದ್ದಲು ತಿಂದಿರೋ ಪೇಪರ್ನ ಯಾರೂ ಅಷ್ಟೊತ್ತು ಓದಲ್ಲ."

"ಮತ್ತ್ಯಾಕೆ ಸುಮ್ನಿದ್ದೆ? ಕೂಗಾಡ್ಬೇಕಿತ್ತು."

"ನಮ್ ಮೇಷ್ಟ್ರಲ್ವಾ ಅಂತ. ನಾಳೆ ಕರೀತಾರೆ, ನಾಡಿದ್ದು ಕರೀತಾರೆ ಅಂತ ಕಾದೆ. ಅರ್ಜಿ ಹಾಕೋ ಕೊನೇ ದಿನ ಸಂಜೆವರ್ಗೂ ನಮ್ ಸ್ಕೂಲ್ ಮುಂದಿನ ಬಸ್ ಸ್ಟಾಪಲ್ಲೇ ಕೂತಿದ್ದೆ ಸಾರ್."

ಆ ದಿನ ನಾನು ಅವಳನ್ನು ನೋಡಿದ್ದೆ. ಬಸ್ಸಿಗೆ ಕಾಯುತ್ತಿದ್ದಾಳೆ ಎಂದುಕೊಂಡು ಆಟೋ ಹತ್ತಿ ಮನೆಗೆ ಹೋಗಿದ್ದೆ.

"ಮನೇಲಾದ್ರೂ ಹೇಳ್ಬಾರ್ದಿತ್ತಾ?"

"ಅಮ್ಮಂಗೆ ಹೇಳ್ದೆ ಸಾರ್. ಮೇಷ್ಟ್ರು ಅಂಥೋರಲ್ಲ, ಅಪ್ಪನ್ನ ಉಳ್ಸಕ್ಕೆ ಅವರ ಮೇಲೆ ಹೇಳ್ಬೇಡ ಅಂತ ಬೈದ್ರು. ಅಪ್ಪನೂ ನಂಬ್ಲಿಲ್ಲ."

ಈಗಲಾದರೂ ಬರೆದುಕೊಡುತ್ತೇನೆ, ಯಾವ ಕಚೇರಿಗೆ ಬೇಕಾದರೂ ಬಂದು ಸಾಕ್ಷಿ ಹೇಳುತ್ತೇನೆ ಎಂದೆ. ಅವಳು ಶ್ವೇತಳ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. "ಬರ್ಕೊಡಿ ಸಾರ್, ಬೇಡ ಅನ್ನಲ್ಲ. ಆದ್ರೆ ಮೊದ್ಲು ಅಪ್ಪಂಗೆ ಹೇಳಿ. ನಾನ್ ಹೇಳಿದ್ರೆ ಆಗ್ಲಿಲ್ಲ, ನೀವೇ ಹೇಳ್ಬೇಕು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮಗುವನ್ನು ಮನೆಗೆ ಬಿಟ್ಟು ಜೋಗುಪಾಳ್ಯಕ್ಕೆ ಹೋದೆ. ಮುನಿರಾಜಪ್ಪ ವಠಾರದ ಬಾಗಿಲಲ್ಲಿ ಪೇಂಟ್ ಡಬ್ಬಗಳಲ್ಲಿ ಬೆಳೆಸಿದ ಗುಲಾಬಿ ಗಿಡಗಳ ಒಣಗಿದ ಎಲೆ ಕೀಳುತ್ತಿದ್ದ. ತುಂಬಾ ಇಳಿದು ಹೋಗಿದ್ದ. ನನಗೆ ಕುರ್ಚಿ ತಂದು ಹಾಕಿ ತಾನು ಮೆಟ್ಟಿಲ ಮೇಲೆ ಕೂತ. ನಾನು ಎಲ್ಲವನ್ನೂ ಹೇಳಿದೆ. ಓದದೆ ಬರೆದದ್ದು, ಬೀರುವಿನಲ್ಲಿ ಅರ್ಜಿ ಸಿಕ್ಕಿದ್ದು, ಬಚ್ಚಿಟ್ಟದ್ದು, ಗೆದ್ದಲಿನ ಸುಳ್ಳು, ಮಾರ್ಕೆಟ್ಟಿನಲ್ಲಿ ಬಾಯಿ ಮುಚ್ಚಿಕೊಂಡದ್ದು. ಬೈಯಲಿ, ಅಂಗಿ ಹಿಡಿದು ಎಳೆಯಲಿ ಎಂದುಕೊಂಡೇ ಹೋಗಿದ್ದೆ. ಅವನು ಬೈಯಲಿಲ್ಲ.

"ಹಂಗಾದ್ರೆ ನಾನು ಸರಿಯಾಗೇ ಹೇಳಿದ್ನಾ ಸಾರ್?" ಅಂದ.

"ಸರಿಯಾಗೇ ಹೇಳಿದ್ರಿ ಮುನಿರಾಜಪ್ಪ. ನೀವು ಏನೂ ತಪ್ಪು ಮಾಡಿಲ್ಲ," ಅಂದೆ. ಅಷ್ಟು ವರ್ಷಗಳಲ್ಲಿ ಅವನನ್ನು ನಾನು ನೀವು ಎಂದದ್ದು ಅದೇ ಮೊದಲು.

ಅವನು ಒಳಗಿನ ಗೋಡೆಯ ಕಡೆ ತಿರುಗಿದ. ಅಲ್ಲಿ ವೆಂಕಟಮ್ಮನ ಫೋಟೋ ಇತ್ತು.

"ಆಸ್ಪತ್ರೇಲಿ ಕೊನೇ ದಿನ ನೀರು ಕುಡ್ಸಕ್ಕೋದೆ ಸಾರ್. ನನ್ ಕೈ ತಳ್ಬಿಟ್ಟು, ಮಗಳ ಬಾಳು ಹಾಳ್ಮಾಡ್ದೋನು ನೀನು, ನಿನ್ ಕೈ ನೀರು ಬ್ಯಾಡ ಅಂದ್ಲು. ಮಗಳ ಕೈಲೇ ಕುಡುದ್ಲು." ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. "ಮಾಡ್ದೋನು ನಾನಲ್ಲ ಅಂತ ಈಗ ಅವ್ಳಿಗೆ ಯಾರ್ ಹೇಳ್ತಾರೆ ಸಾರ್?"

ನನ್ನನ್ನು ದೂರುವ ಮಾತಾಗಿರಲಿಲ್ಲ ಅದು. ಓದಿದವರಿಗೆ ಏನಾದರೂ ದಾರಿ ಗೊತ್ತಿರಬಹುದು ಎಂದು ನಿಜವಾಗಿಯೂ ಕೇಳುತ್ತಿದ್ದ. ಅವನು ನನ್ನ ಉತ್ತರಕ್ಕೆ ಕಾಯುತ್ತಲೇ ಇದ್ದ.